ಹಾಯಿಯ ಉಪ್ಪು

ಪೈಪಿನ ನೀರು ಹಾಯಿಯ ಮೇಲೆ ಬಿದ್ದು ಸಿಮೆಂಟು ನೆಲಕ್ಕೆ ಹರಿಯುತ್ತಿತ್ತು. ಎಲ್ಸಿ ನಲ್ಲಿಯ ಮೇಲೆ ಕೈಯಿಟ್ಟು ನಿಂತಳು. ಈಗಲೇ ತಿರುಗಿಸಿಬಿಟ್ಟರೆ ಅರ್ಧ ಉಪ್ಪು ಬಟ್ಟೆಯಲ್ಲೇ ಉಳಿಯುತ್ತದೆ. ಹಾಗೇ ಸುತ್ತಿ ಚೀಲಕ್ಕೆ ತುಂಬಿದರೆ ಮುಗಿಯಿತು. ಜುಲೈ, ಆಗಸ್ಟಿನ ತೇವವನ್ನೆಲ್ಲ ಆ ಉಪ್ಪು ಕುಡಿದು, ಅಕ್ಟೋಬರಿನಲ್ಲಿ ಚೀಲ ಬಿಚ್ಚುವ ಹೊತ್ತಿಗೆ ವಿಲ್ಫ್ರೆಡ್ಡನ ಬಿಳೀ ಹಾಯಿಯ ತುಂಬ ಕರೀ ಬೂಸ್ಟು.

ಕೇಳುವವರು ಯಾರೂ ಇರಲಿಲ್ಲ. ಜದ್ದಾಫಿನ ಈ ಶೆಡ್ಡಿಗೆ ಈಗ ಅವಳೇ ಫೋರ್‌ಮನ್. ಸೆಕೆ ಶುರುವಾದರೆ ದುಬೈಯಲ್ಲಿ ಯಾರೂ ಹಾಯಿದೋಣಿ ಇಳಿಸುವುದಿಲ್ಲ. ಮೇ ತಿಂಗಳಲ್ಲಿ ಹಾಯಿ ಬಿಚ್ಚಿ ಇಲ್ಲಿಗೆ ತಂದು ಒಪ್ಪಿಸುತ್ತಾರೆ. ಸಿಹಿನೀರಿನಲ್ಲಿ ತೊಳೆದು, ಎಸಿ ಹಾಲಿನಲ್ಲಿ ಬಿಸಿಲು ತಾಗದಂತೆ ಒಣಗಿಸಿ, ಮಡಚದೆ ಸುತ್ತಿ, ಚಳಿ ಬರುವವರೆಗೆ ಕಾಯುವುದು ಎಲ್ಸಿಯ ಕೆಲಸ.

ಎಂಟು ವರ್ಷದ ಹಿಂದೆ ಆ ಕುರ್ಚಿಯಲ್ಲಿ ವಿಲ್ಫ್ರೆಡ್ ಇದ್ದ. ಅವಳಂತೆ ಮಲ್ಪೆ ಕಡೆಯವನೇ. ತೊಳೆದ ಹಾಯಿಗೆ ನಾಲಿಗೆಯ ತುದಿ ಮುಟ್ಟಿಸಿ ನೋಡಬೇಕು, ಉಪ್ಪು ಹತ್ತಿದರೆ ಮತ್ತೆ ತೊಳೆಯಬೇಕು ಎಂದು ಅವಳಿಗೆ ಕಲಿಸಿದವನೂ ಅವನೇ. ಆದರೆ ಆ ಮೇಯಲ್ಲಿ ಒಂದು ದೊಡ್ಡ ಹಾಯಿಯನ್ನು, ಮಿರ್ದಿಫಿನಲ್ಲಿ ಪಾರ್ಟಿಗೆ ಹೊತ್ತಾಯಿತೆಂದು, ತೊಳೆಯದೆ ಹಸಿಹಸಿಯಾಗಿ ತಾನೇ ಚೀಲಕ್ಕೆ ತುರುಕಿ ಹೋದ. ಜೂನಿನಲ್ಲಿ ಶೆಡ್ಡಿನ ಯಜಮಾನ ಬಿಚ್ಚಿಸಿದಾಗ ಮುಗ್ಗಲು ವಾಸನೆ ಎಲ್ಲೆಡೆ ಹರಡಿತು.

"ಇವಳೇ ತುಂಬಿದ್ದು," ಎಂದು ವಿಲ್ಫ್ರೆಡ್ ಎಲ್ಸಿಯತ್ತ ಬೆರಳು ತೋರಿಸಿದ. "ನೆಕ್ಕು. ಉಪ್ಪುಂಟಾ ಇಲ್ವಾ, ಎಲ್ಲರಿಗೂ ಕೇಳುವ ಹಾಗೆ ಹೇಳು."

ಹತ್ತು ಜನರ ಎದುರು ಅವಳು ಮೊಣಕಾಲೂರಿ ನೆಕ್ಕಿದಳು. "ಉಂಟು," ಅಂದಳು. ಶಿಕ್ಷೆಯೆಂದು ಜುಲೈಯ ರಜೆ ರದ್ದಾಯಿತು. ಅದೇ ಜುಲೈಯಲ್ಲಿ ಮಲ್ಪೆಯಲ್ಲಿ ಅಮ್ಮನನ್ನು ಮಣ್ಣು ಮಾಡುವಾಗ, ಎಲ್ಸಿ ಈ ಶೆಡ್ಡಿನಲ್ಲಿ ಕೂತು ಯಾರದೋ ಹಾಯಿಗೆ ತೇಪೆ ಹಾಕುತ್ತಿದ್ದಳು.

ಈಗ ವಿಲ್ಫ್ರೆಡ್ ಅಬುಧಾಬಿಯಲ್ಲಿ ಮ್ಯಾನೇಜರ್. ಹಳೆಯ ದೋಣಿಯೊಂದನ್ನು ಕೊಂಡಿದ್ದಾನೆ. ಬೆಳಿಗ್ಗೆ ಹಾಯಿ ಇಳಿಸಿ, "ನಿನ್ನ ಕೈಯ ಕೆಲಸ ಬೇರೆ ಯಾರಿಗೂ ಬರೂದಿಲ್ಲ ಮಾರಾಯ್ತಿ. ಹಳೇದೆಲ್ಲ ಖಲಾಸ್ ಅಲ್ವಾ?" ಎಂದು ನಕ್ಕಿದ್ದ.

"ಹಾಯಿ ಇಟ್ಟು ಹೋಗಿ ಸರ್," ಎಂದಿದ್ದಳು ಅವಳು.

ನಲ್ಲಿ ಅರ್ಧ ತಿರುಗಿತು. ನೀರು ಸಣ್ಣದಾಯಿತು. ಆಗ ಅವಳಿಗೆ ಹೊಳೆಯಿತು: ಈ ಹಾಯಿ ಹಾಳಾದರೆ, ಅಂದು ಅವನು ಹೇಳಿದ ಸುಳ್ಳು ಇಂದು ನಿಜವಾಗುತ್ತದೆ.

ಎಲ್ಸಿ ನಲ್ಲಿಯನ್ನು ಪೂರ್ತಿ ತೆರೆದಳು. ಮೂರು ಸಲ ತೊಳೆದಳು. ಮೂಲೆ ಮೂಲೆಗೂ ಹೊಲಿಗೆ ಹೊಲಿಗೆಗೂ ನಾಲಿಗೆ ಮುಟ್ಟಿಸಿದಳು. ನಾಲ್ಕು ದಿನ ಒಣಗಿಸಿ, ಮಗುವನ್ನು ಸುತ್ತುವ ಹಾಗೆ ಸುತ್ತಿದಳು. ಹಾಗೆಂದು ಅವನನ್ನು ಸುಮ್ಮನೆ ಬಿಡುವ ಮನಸ್ಸು ಅವಳಿಗಿರಲಿಲ್ಲ.

ಜೂನಿನಲ್ಲಿ ಫೋನು ಬಂತು. "ಎಲ್ಸಿ, ಸರಿ ಒಣಗಿತಲ್ವಾ?"

"ನಿಮ್ಮ ಹಾಗೇ ಮಾಡಿದ್ದೇನೆ ಸರ್."

"ನನ್ನ ಹಾಗೆ ಅಂದ್ರೆ?"

"ನೀವು ಕಲಿಸಿದ್ದೂ ಉಂಟು, ಮಾಡಿ ತೋರಿಸಿದ್ದೂ ಉಂಟು. ಯಾವುದು ಅಂತ ಅಕ್ಟೋಬರಿನಲ್ಲಿ ಗೊತ್ತಾಗ್ತದೆ."

ಆಮೇಲೆ ವಾರಕ್ಕೊಂದು ಫೋನು. ಆಗಸ್ಟಿನ ಸುಡುಬಿಸಿಲಲ್ಲಿ ಅವನೇ ಕಾರು ಓಡಿಸಿಕೊಂಡು ಬಂದ. ಅಂಗಿ ಬೆನ್ನಿಗೆ ಅಂಟಿತ್ತು. "ಒಮ್ಮೆ ಬಿಚ್ಚು, ನೋಡಿ ಹೋಗ್ತೇನೆ." ಎಲ್ಸಿ ಗೋಡೆಯ ಚೀಟಿ ತೋರಿಸಿದಳು. ಸೆಕೆಗಾಲದಲ್ಲಿ ಚೀಲ ಬಿಚ್ಚಬಾರದು, ಯಾರೇ ಕೇಳಿದರೂ. ಅಕ್ಷರ ಅವನದೇ, ಆ ಜೂನಿನಲ್ಲಿ ಅವಳನ್ನು ನೆಕ್ಕಿಸಿದ ಮರುದಿನವೇ ಬರೆದು ಅಂಟಿಸಿದ್ದು. ವಿಲ್ಫ್ರೆಡ್ ಚೀಲವನ್ನು ಮೂಸಿ ನೋಡಿ, ಏನೂ ತಿಳಿಯದೆ ಹಿಂತಿರುಗಿದ.

ಅಕ್ಟೋಬರಿನ ಎರಡನೇ ಶುಕ್ರವಾರ ಹೆಂಡತಿ ಕ್ಯಾರಲ್ ಮತ್ತು ಭಟ್ಕಳದ ಗೆಳೆಯ ಹುಸೈನ್ ಜೊತೆ ಅವನು ಬಂದ. ಎಲ್ಸಿ ಕೆಲಸದವರನ್ನೆಲ್ಲ ಕರೆದಳು. ಹಾಲಿನ ನಡುವೆ ಹಾಯಿ ಬಿಚ್ಚಿಕೊಂಡಿತು. ಒಂದು ಕಲೆಯಿಲ್ಲ.

"ಅಯ್ಯಬ್ಬ, ನಾಲ್ಕು ತಿಂಗಳು ನಿದ್ದೆ ಕೆಡಿಸಿದಿಯಲ್ಲೇ!" ವಿಲ್ಫ್ರೆಡ್ ಹಾಯಿಯನ್ನು ಮತ್ತೆ ಸುತ್ತಲೆಂದು ಬಗ್ಗಿದ.

"ನೆಕ್ಕಿ ನೋಡಿ ಸರ್."

"ನೆಕ್ಕಲಿಕ್ಕೆ ಇದೆಂತ ಐಸ್‌ಕ್ರೀಮಾ?" ಎಂದು ಹುಸೈನ್ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ಏನಿದು ವಿಲ್ಲಿ?" ಎಂದಳು ಕ್ಯಾರಲ್.

"ಇಲ್ಲಿಯ ರೂಲು ಮೇಡಂ. ಇವರದ್ದೇ," ಎಂದಳು ಎಲ್ಸಿ. "ಇವರು ನನ್ನ ಹತ್ರ ಇದೇ ಜಾಗದಲ್ಲಿ ನೆಕ್ಕಿಸಿದ್ದು."

ವಿಲ್ಫ್ರೆಡ್ ಸುತ್ತ ನೋಡಿದ. ಆಮೇಲೆ ಒಂದೊಂದೇ ಮೊಣಕಾಲು ಊರಿ, ಬಟ್ಟೆಗೆ ನಾಲಿಗೆ ತಾಗಿಸಿದ.

"ಉಪ್ಪಿಲ್ಲ."

"ಎಲ್ಲರಿಗೂ ಕೇಳುವ ಹಾಗೆ."

"ಉಪ್ಪಿಲ್ಲ!"

"ಆ ವರ್ಷ ಹಸಿ ಹಾಯಿ ತುಂಬಿದ್ದು ಯಾರು?"

ವಿಲ್ಫ್ರೆಡ್ ಹೆಂಡತಿಯ ಚಪ್ಪಲಿಗಳನ್ನೇ ನೋಡುತ್ತಿದ್ದ. "ನಾನು," ಎಂದ.

ಎಲ್ಸಿ ತಲೆಯಾಡಿಸಿದಳು. ಅವನು ಗಡಿಬಿಡಿಯಲ್ಲಿ ಹಾಯಿಯ ಅಂಚು ಹಿಡಿದು ಸುತ್ತತೊಡಗಿದ. ಅವಳು ಅವನ ಕೈ ತಡೆದಳು.

"ನಿಲ್ಲಿ ಸರ್, ಒದ್ದೆ ಉಂಟು."

ಅವನ ನಾಲಿಗೆ ತಾಗಿದಲ್ಲಿ ನಾಲ್ಕಾಣೆಯಷ್ಟು ಅಗಲದ ಗುರುತು. ಎಸಿ ಗುಂಯ್ ಎನ್ನುತ್ತಿತ್ತು. ಹುಸೈನ್ ವಾಚು ನೋಡಿಕೊಂಡ. ವಿಲ್ಫ್ರೆಡ್ ಮೊಣಕಾಲಿನಿಂದ ಏಳಲಿಲ್ಲ. ಆ ಗುರುತು ಅಂಚಿನಿಂದ ಒಳಕ್ಕೆ, ನಿಧಾನಕ್ಕೆ, ಸಣ್ಣದಾಗುವುದನ್ನು ಎಲ್ಲರೂ ನಿಂತು ನೋಡಿದರು.