ಆರು ಮೀಟರಿನ ದಿಮ್ಮಿ

"ಇದನ್ನೂ ಒಂದು ಕೊಯ್ದು ತೋರಿಸಿ," ಎಂದಳು ವೆಟೂರಿಯಾ. ಅವಳು ಟ್ರ್ಯಾಕ್ಟರಿನ ಹಿಂದೆ ಸರಪಳಿ ಬಿಗಿದು ಎಳೆದುತಂದಿದ್ದ ಸ್ಪ್ರೂಸ್ ಮರದ ದಿಮ್ಮಿ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತ್ತು. ಮೈಮೇಲಿನ ತೊಗಟೆ ಹಾಗೇ ಇತ್ತು, ಕೊಂಬೆ ಕಡಿದ ಕಡೆಯೆಲ್ಲ ಮುಷ್ಟಿಗಾತ್ರದ ಗಂಟುಗಳು.

ದಿಮ್ಮಿ ಕೊಯ್ಯುವ ಯಂತ್ರ ಮಾರಲು ಕ್ಲುಜ್‌ನಿಂದ ಬಂದಿದ್ದ ಚೆಜಾರ್ ಆಗಲೇ ಕೈಗವಸು ಕಳಚಿದ್ದ. ದಿಮ್ಮಿಯನ್ನೂ ಅವಳನ್ನೂ ಒಮ್ಮೆ ನೋಡಿದ.

"ಅಕ್ಕಾ, ಬೆಳಿಗ್ಗೆಯಿಂದ ಐದು ದಿಮ್ಮಿ ಕೊಯ್ದಿದೀನಲ್ಲ. ಸಾಲದಾ?"

"ಅವು ನೀವು ತಂದಿದ್ದು. ಮದುವೆ ಹೆಣ್ಣಿನ ಥರ ಸಿಂಗಾರ ಮಾಡ್ಕೊಂಡು ಬಂದಿರೋವು. ನಮ್ಮ ಕಾಡಲ್ಲಿ ಅಂಥವು ಹುಟ್ಟಲ್ಲ."

ಪಂಚಾಯ್ತಿ ಕಚೇರಿಯ ಹಿಂದಿನ ಬಯಲಲ್ಲಿ ಸೇರಿದ್ದ ಇಪ್ಪತ್ತು ಮಂದಿ ನಕ್ಕರು. ಚೆಜಾರ್ ಕೂಡ ನಕ್ಕು ಕೈಗವಸು ಹಾಕಿಕೊಂಡ.

ಬೆಳಿಗ್ಗೆಯಿಂದ ಅವಳು ಅವನನ್ನು ಬಿಟ್ಟಿರಲಿಲ್ಲ. ತಣ್ಣಗಿದ್ದ ಎಂಜಿನ್ನನ್ನು ತಾನೇ ಹಗ್ಗ ಎಳೆದು ಚಾಲೂ ಮಾಡಿದಳು. ಗರಗಸದ ಪಟ್ಟಿಯನ್ನು ತಾನೇ ಬಿಚ್ಚಿ, ಹಲ್ಲುಗಳ ಮೇಲೆ ಹೆಬ್ಬೆರಳ ಉಗುರು ಆಡಿಸಿ, ತಾನೇ ಮತ್ತೆ ಏರಿಸಿದಳು. ಯಂತ್ರದ ಕಾಲು ಮಡಚಿ ಟ್ರೇಲರಿಗೆ ಏರಿಸಲು ಎಷ್ಟು ಜನ ಬೇಕು, ನೀರಿನ ಕೊಳವೆ ಚಳಿಗೆ ಕಟ್ಟಿಕೊಂಡರೆ ಏನು ಮಾಡಬೇಕು, ಎಲ್ಲ ಕೇಳಿದಳು. ಅವಳಪ್ಪ ಗರಗಸಕ್ಕೆ ಸಾಣೆ ಹಿಡಿಯುವವನು. ಈಗ ಐವತ್ತಾರು ದಾಟಿದ ಅವಳೂ ಅದೇ ಕಸುಬಿನವಳು. ಅಪುಸೇನಿ ಬೆಟ್ಟದ ಆ ಕಣಿವೆಯಲ್ಲಿ ಯಾರ ಗರಗಸ ಮೊಂಡಾದರೂ ಬರುವುದು ಅವಳ ಮನೆ ಬಾಗಿಲಿಗೆ.

ಸುಮ್ಮನೆ ನೋಡಿಹೋಗಲು ಅವಳು ಬಂದಿರಲಿಲ್ಲ. ಮೇಲಿನ ಹುಲ್ಲುಗಾವಲನ್ನು ಮಾರಿ ಬಂದಿದ್ದಳು. ಈ ಯಂತ್ರವನ್ನು ಎಲ್ಲಿಡಬೇಕೆಂದು ಚಳಿಗಾಲವಿಡೀ ಲೆಕ್ಕ ಹಾಕಿದ್ದಳು. ಗ್ಲಿಗೋರನ ಸಾಮಿಲ್ಲಿನ ಗೇಟಿಗೆ ಸರಿಯಾಗಿ ಎದುರು, ರಸ್ತೆಯ ಆಚೆ ಬದಿಗೆ, ಅವಳ ತವರಿನ ಒಂದು ತುಂಡು ಜಾಗವಿತ್ತು. ಕಾಡಿನಿಂದ ಇಳಿಯುವ ಗಾಡಿಗಳು ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಬೇಕು. ದಿನಾ ತಿರುಗಬೇಕು. ಅವನು ತನ್ನ ಗೇಟಿನಲ್ಲಿ ನಿಂತು ಅದನ್ನು ನೋಡಬೇಕು.

ಹತ್ತೊಂಬತ್ತು ವರ್ಷದ ಹಿಂದೆ ಊರಿನ ಚರ್ಚಿಗೆ ಹೊಸ ಮಾಡು ಕಟ್ಟಿದಾಗ ತೊಲೆಗಳನ್ನು ಕೊಯ್ದದ್ದು ಗ್ಲಿಗೋರನ ಮಿಲ್ಲಿನಲ್ಲಿ. ಯಂತ್ರದ ಮುಂದೆ ನಿಂತವನು ವೆಟೂರಿಯಾಳ ಗಂಡ ನಿಸ್ತೋರ್. ಹಿಮ ಕರಗಿ ಯಂತ್ರದ ಹಳಿಯ ಎರಡೂ ತುದಿ ಕುಸಿದಿವೆ, ನಡು ಎದ್ದಿದೆ ಎಂದು ಅವನು ಎರಡು ಸಲ ಹೇಳಿದ್ದ. ಹಬ್ಬ ಹತ್ತಿರ ಬಂತು, ಕೊಯ್ಯಿ ಎಂದಿದ್ದ ಗ್ಲಿಗೋರ್. ಮೇಲೇರಿಸಿದ ಮೇಲೆ ನೋಡಿದರೆ ತೊಲೆಗಳಿಗೆಲ್ಲ ನಡುವಿನಲ್ಲಿ ಹೊಟ್ಟೆ. ಚರ್ಚಿನ ಅಂಗಳದಲ್ಲಿ, ಪಾದ್ರಿಯ ಎದುರು, ಊರಿಗೆ ಊರೇ ನಿಂತಿರುವಾಗ ಗ್ಲಿಗೋರ್ ಹೇಳಿದ: "ನನ್ನ ಹಳಿ ಸರಿಯಾಗೇ ಇದೆ. ಸೊಟ್ಟ ಆಗಿರೋದು ಇವನ ಕೈ. ಕುಡ್ಕೊಂಡು ಕೊಯ್ದರೆ ಇನ್ನೇನಾಗುತ್ತೆ?" ನಿಸ್ತೋರ್ ಪ್ಲಮ್ ಸಾರಾಯಿ ಮುಟ್ಟುತ್ತಿದ್ದದ್ದು ಈಸ್ಟರಿಗೊಂದು ಲೋಟ. ಮರುವಾರ ಹಬ್ಬದ ರಜೆಯೆಂದು ಗ್ಲಿಗೋರ್ ಮಿಲ್ಲಿನ ಬಾಗಿಲು ಹಾಕಿಕೊಂಡು ಹಳಿ ಎತ್ತಿ ಹೊಸದಾಗಿ ಕೂರಿಸಿದ.

ಅಂದಿನಿಂದ ಅವನು ಸೊಟ್ಟ ನಿಸ್ತೋರ್. ಮಗಳು ಶಾಲೆಯಲ್ಲಿ ಸೊಟ್ಟನ ಮಗಳು. ಅಂಚೆಯವನು ಕೂಡ "ಸೊಟ್ಟನ ಮನೆ" ಎಂದೇ ದಾರಿ ಹೇಳುತ್ತಿದ್ದ. ನಿಸ್ತೋರ್ ಮತ್ತೆ ಯಾವ ಯಂತ್ರದ ಮುಂದೆಯೂ ನಿಲ್ಲಲಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ಹುಲ್ಲು ಬಾಚುವ ಮರದ ಕುಂಟೆಗಳನ್ನು ಮಾಡಿಕೊಂಡಿದ್ದ. ಅವನಿಗೆ ಸಿಟ್ಟಿತ್ತೋ ಇಲ್ಲವೋ, ಅವನು ಬಾಯಿಬಿಟ್ಟು ಹೇಳಿದವನಲ್ಲ. ಅವನ ಪಾಲಿನದನ್ನೂ ವೆಟೂರಿಯಾಳೇ ಇಟ್ಟುಕೊಂಡಿದ್ದಳು.

ದಿಮ್ಮಿಯನ್ನು ಉರುಳಿಸಿ ಏರಿಸಲು ಜನ ಸೇರಿದರು. ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಪಾಂಫಿಲ್. ನಲವತ್ತು ದಾಟಿದ ಈ ಮೌನಿ ಈಗ ಗ್ಲಿಗೋರನ ಮಿಲ್ಲಿನಲ್ಲಿ ಯಂತ್ರದ ಮುಂದೆ ನಿಲ್ಲುವವನು, ವೆಟೂರಿಯಾಳ ಮನೆಯ ಕೆಳಗಿನ ತಿರುವಿನಲ್ಲಿ ವಾಸ. ನಿಸ್ತೋರ್ ಜ್ವರದಿಂದ ಮಲಗಿದ್ದಾಗ ಇವನ ಹೆಂಡತಿಯೇ ವಾರವಿಡೀ ಕೋಳಿಸಾರು ತಂದುಕೊಟ್ಟಿದ್ದಳು.

ಅಷ್ಟರಲ್ಲಿ ಗ್ಲಿಗೋರನ ಜೀಪು ಬಂದು ನಿಂತಿತು. ಎಪ್ಪತ್ತೊಂದರ ಮುದುಕ ಕೋಲೂರಿಕೊಂಡು ಇಳಿದ.

"ಏನಮ್ಮಾ ವೆಟೂರಿಯಾ! ಯಂತ್ರ ತಗೊಳ್ಳೋಕೆ ಬಂದ್ಯೋ, ಗಂಡನಿಗೆ ಕನ್ನಡಕ ತಗೊಳ್ಳೋಕೆ ಬಂದ್ಯೋ?"

"ನೋಡ್ತಿದೀನಿ ಗ್ಲಿಗೋರಣ್ಣ," ಎಂದಳು ಅವಳು, ತಲೆಯೆತ್ತದೆ.

ಗರಗಸ ಕಿರುಚಿಕೊಂಡು ಮರದೊಳಕ್ಕೆ ಇಳಿಯಿತು. ಗಂಟು ಬಂದಲ್ಲಿ ಸದ್ದು ದಪ್ಪವಾಯಿತೇ ಹೊರತು ಪಟ್ಟಿ ಅಲುಗಲಿಲ್ಲ. ಬಿಸಿ ಹೊಟ್ಟು ಹಾರಿ ಹುಲ್ಲಿನ ಮೇಲೆ ಬಿತ್ತು. ಎರಡು ಹಲಗೆ ತೆಗೆದು ಚೆಜಾರ್ ಅಳತೆಯ ಉಪಕರಣ ಹಿಡಿದು ಎಲ್ಲರಿಗೂ ಕೇಳುವಂತೆ ಕೂಗಿದ: "ಈ ತುದಿ ಇಪ್ಪತ್ತೇಳು ಮಿಲಿಮೀಟರ್... ಆ ತುದಿ ಇಪ್ಪತ್ತೇಳು... ನಡುವಿನಲ್ಲೂ ಇಪ್ಪತ್ತೇಳು! ಕೂದಲೆಳೆ ಆಚೀಚೆ ಇಲ್ಲ!" ಯಾರೋ ಚಪ್ಪಾಳೆ ತಟ್ಟಿದರು.

ವೆಟೂರಿಯಾ ಹಲಗೆಯ ತುದಿಯನ್ನು ಕೆನ್ನೆಯವರೆಗೆ ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದಳು. ದಪ್ಪ ಸರಿಯಾಗಿತ್ತು. ಆದರೆ ಹಲಗೆ ಮಲಗಿದ ನಾಯಿಯ ಬೆನ್ನಿನ ಹಾಗೆ ನಡುವಿನಲ್ಲಿ ತುಸುವೇ ಎದ್ದಿತ್ತು. ಎರಡನೆಯದನ್ನು ಎತ್ತಿದಳು. ಅದೂ ಹಾಗೇ, ಅಷ್ಟೇ.

ಅವಳು ಯಂತ್ರದ ಪಕ್ಕ ಮಂಡಿಯೂರಿದಳು. ಉದ್ದದ ಕಬ್ಬಿಣದ ಚೌಕಟ್ಟು ಎರಡು ತುಂಡಿನದು, ನಡುವೆ ಬೋಲ್ಟ್ ಹಾಕಿ ಜೋಡಿಸಿದ್ದು. ಗರಗಸ ಓಡುವ ಹಳಿಯ ಮೇಲೆ ಅಂಗೈ ಸವರಿಕೊಂಡು ಹೋದಳು. ಜೋಡಣೆಯ ಹತ್ತಿರ ಕೈ ಮೇಲೇರಿ ಇಳಿಯಿತು. ಜೋಡಣೆಯ ಕಬ್ಬಿಣದ ತಟ್ಟೆಯೊಂದು ಬಾಗಿತ್ತು, ದಾರಿಯಲ್ಲಿ ಟ್ರೇಲರ್ ಗುಂಡಿಗೆ ಬಿದ್ದು ಹಾಗಾಗಿರಬೇಕು. ಚೆಜಾರನಿಗೆ ಗೊತ್ತಿರಲಾರದು. ಅವನ ಮೂರು ಮೀಟರಿನ ದಿಮ್ಮಿಗಳೆಲ್ಲ ಮುಂದಿನ ತುಂಡಿನ ಮೇಲೇ ಕೂತಿದ್ದವು, ಜೋಡಣೆ ದಾಟಿದ್ದು ಇವಳ ಆರು ಮೀಟರಿನದು ಮಾತ್ರ. ಬೋಲ್ಟ್ ಸಡಿಲಿಸಿ ಒಂದೆರಡು ವಾಷರ್ ಕೊಟ್ಟು ಬಿಗಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ. ಚೆಜಾರನನ್ನು ಕರೆಯಲೆಂದು ಅವಳು ಎದ್ದಳು.

"ಏನು ಕಾಣ್ಸಿತಮ್ಮಾ?" ಗ್ಲಿಗೋರ್ ಕೋಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. "ಬಿಡಿ ಅತ್ಲಾಗೆ, ಅವರ ಮನೇಲಿ ಎಲ್ಲಾರಿಗೂ ಎಲ್ಲಾನೂ ಸೊಟ್ಟಾನೇ ಕಾಣ್ಸೋದು!"

ಜನ ನಕ್ಕರು. ಯಾರು ಯಾರು ನಕ್ಕರೆಂದು ವೆಟೂರಿಯಾ ನೋಡಿಕೊಂಡಳು. ಅವಳ ಕತ್ತಿನ ಹಿಂಬದಿ ಕಾದು, ನಿಧಾನಕ್ಕೆ ತಣ್ಣಗಾಯಿತು.

"ಏನಿಲ್ಲ," ಎಂದಳು. "ಚೆನ್ನಾಗಿದೆ. ಇಷ್ಟು ಚೆನ್ನಾಗಿರುತ್ತೆ ಅಂದ್ಕೊಂಡಿರಲಿಲ್ಲ." ಚೆಜಾರನ ಕಡೆ ತಿರುಗಿದಳು. "ಇದು ನನಗಿರಲಿ. ನಾಳೆ ಬೆಳಿಗ್ಗೆ ಬಂದು ಕಾಗದಕ್ಕೆ ಸಹಿ ಹಾಕ್ತೀನಿ. ಗ್ಲಿಗೋರಣ್ಣನ ಗೇಟಿನೆದುರಿಗೇ ಇಳಿಸಿ ಕೊಡಿ, ಅಲ್ಲಿ ನನ್ನ ಜಾಗ ಇದೆ."

ಗ್ಲಿಗೋರನ ಮುಖದ ನಗು ಅಲ್ಲೇ ನಿಂತಿತು.

"ಇನ್ನೊಂದು ಇದೆಯೇನಯ್ಯಾ?" ಎಂದು ಚೆಜಾರನನ್ನು ಕೇಳಿದ.

"ಇಲ್ಲ ಯಜಮಾನ್ರೇ. ಮುಂದಿನದು ಶರತ್ಕಾಲಕ್ಕೆ."

"ಹಾಗಾದರೆ ನಾಳೆ ಯಾಕೆ? ಈಗಲೇ ಸಹಿ ಹಾಕ್ತೀನಿ. ತಾ ಕಾಗದ."

"ಮೊದಲು ಕೇಳಿದ್ದು ನಾನು," ಎಂದಳು ವೆಟೂರಿಯಾ, ಗಂಟಲು ಏರಿಸಿ. ಅವಳು ಗಂಟಲು ಏರಿಸಿದಷ್ಟೂ ಗ್ಲಿಗೋರ್ ಜೇಬಿಗೆ ಬೇಗ ಕೈ ಹಾಕಿದ.

ಗ್ಲಿಗೋರ್ ಸಹಿ ಹಾಕಿದ ಮೇಲೆ ಅವಳು ಸರಪಳಿ ಸುತ್ತಿಕೊಳ್ಳುತ್ತಿದ್ದಾಗ ಪಾಂಫಿಲ್ ಹತ್ತಿರ ಬಂದ. ಧ್ವನಿ ತಗ್ಗಿಸಿ ಕೇಳಿದ: "ಅಕ್ಕಾ, ನೀವು ಬಗ್ಗಿ ನೋಡಿದ್ರಲ್ಲ. ಇನ್ನು ಇದನ್ನ ಓಡಿಸೋನು ನಾನು. ಸರಿ ಇದೆಯಾ?"

ಅವಳು ಅವನ ಕಣ್ಣನ್ನೇ ನೋಡಿದಳು.

"ಸರಿ ಇದೆ," ಎಂದಳು.

ಜೂನ್ ಕಳೆಯುವಷ್ಟರಲ್ಲಿ ಸುದ್ದಿ ಬರತೊಡಗಿತು. ಕಣಿವೆಯ ಬಾಯಲ್ಲಿ ಯಾರೋ ಪಟ್ಟಣದವರು ಕಟ್ಟಿಸುತ್ತಿದ್ದ ವಸತಿಗೃಹಕ್ಕೆ ಗ್ಲಿಗೋರ್ ತೊಲೆ ಕೊಯ್ದುಕೊಟ್ಟಿದ್ದ. ಪಕ್ಕದೂರಿನ ಬಡಗಿ ನೂಲು ಹಿಡಿದು ನೋಡಿ, ಬಂದ ಲಾರಿಯಲ್ಲೇ ವಾಪಸು ಕಳಿಸಿದನಂತೆ. ಸಾಣೆಗೆ ಗರಗಸ ತಂದವನೊಬ್ಬ ಬಾಗಿಲಲ್ಲೇ ನಿಂತು ಹೇಳಿದ: "ಗ್ಲಿಗೋರನ ತೊಲೆಗೆ ಏಳು ತಿಂಗಳಂತೆ! ಹೆರಿಗೆಗೆ ಸೂಲಗಿತ್ತಿ ಹುಡುಕ್ತಿದಾರೆ!"

ವೆಟೂರಿಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವತ್ತು ಗಂಡನಿಗೆ ಚೀಸ್ ತುಂಬಿಸಿ ರೊಟ್ಟಿ ಸುಟ್ಟಳು, ತಾನೂ ಎರಡು ಹೆಚ್ಚಿಗೆ ತಿಂದಳು. ಸಾಣೆ ಹಿಡಿಯುವಾಗ ಬಾಯಲ್ಲಿ ಹಾಡು ಬರುತ್ತಿತ್ತು. "ಏನು ವಿಶೇಷ?" ಎಂದು ನಿಸ್ತೋರ್ ಕೇಳಿದ್ದಕ್ಕೆ "ಹುಲ್ಲು ಚೆನ್ನಾಗಿ ಬಂದಿದೆ" ಎಂದಳು. ಹೇಳಿದರೆ ಅವನು ಮೆಚ್ಚುತ್ತಾನೋ ಮುಖ ತಿರುಗಿಸುತ್ತಾನೋ ಎಂಬ ಅಳುಕು ಅವಳಿಗಿತ್ತು.

ಅದರ ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಜನ ಅಂಗಡಿಯ ಮುಂದೆ ನೆರೆದಿದ್ದರು. ವೆಟೂರಿಯಾ ಬ್ರೆಡ್ ತೆಗೆದುಕೊಂಡು ಹೊರಬಂದಾಗ ಗ್ಲಿಗೋರನ ದನಿ ಕೇಳಿಸಿತು.

"ನನ್ನ ಯಂತ್ರ ಹೊಚ್ಚ ಹೊಸದು. ಇಪ್ಪತ್ತು ಜನದ ಕಣ್ಣೆದುರು ಅಳತೆ ಮಾಡಿ ತಂದಿದ್ದು. ಸೊಟ್ಟ ಆಗಿರೋದು ಇವನ ಕೈ. ನಾಳೆಯಿಂದ ಬರೋದು ಬೇಡ!"

ಪಾಂಫಿಲ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಹಬ್ಬದ ಶಾಲು ಹೊದ್ದವಳು, ನೆಲ ನೋಡುತ್ತಿದ್ದಳು. ಪಾಂಫಿಲ್ ಗುಂಪಿನ ಮೇಲೆಲ್ಲ ಕಣ್ಣಾಡಿಸಿ, ಕೊನೆಗೆ ವೆಟೂರಿಯಾಳ ಮುಖದ ಮೇಲೆ ನಿಲ್ಲಿಸಿದ. ಇವಳಾದರೂ ಒಂದು ಮಾತು ಹೇಳಿಯಾಳು ಎನ್ನುವ ನೋಟ. ಅಂದು ಬಗ್ಗಿ ನೋಡಿದವಳಲ್ಲವೇ ಇವಳು.

ಅವಳು ಬ್ರೆಡ್ಡನ್ನು ಎದೆಗೆ ಅವುಚಿಕೊಂಡು ಮನೆಗೆ ನಡೆದಳು.

ಮೂರು ದಿನ ಅವಳ ಕೈಗೆ ಕೆಲಸ ಹತ್ತಲಿಲ್ಲ. ಗರಗಸದ ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿಸುವಾಗ ಲೆಕ್ಕ ತಪ್ಪಿ ಇಡೀ ಪಟ್ಟಿ ಹಾಳಾಯಿತು. ಗ್ಲಿಗೋರನ ಗೋಳಿನ ಸುದ್ದಿ ಇನ್ನೂ ಬರುತ್ತಿತ್ತು, ನಗು ಮಾತ್ರ ಬರಲಿಲ್ಲ. ನಾಲ್ಕನೆಯ ದಿನ ಹೆಬ್ಬೆರಳು ಕೊಯ್ದುಕೊಂಡಳು. ಬಟ್ಟೆ ಸುತ್ತಿಕೊಂಡು, ಸ್ಪಾನರ್, ವಾಷರ್, ನೂಲಿನ ಉಂಡೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮಿಲ್ಲಿನ ಅಂಗಳದಲ್ಲಿ ಗ್ಲಿಗೋರ್ ಬಡಗಿಯೊಡನೆ ಜಗಳಕ್ಕೆ ನಿಂತಿದ್ದ. ಇನ್ನೂ ಐದಾರು ಜನ ಇದ್ದರು. ಪಾಂಫಿಲ್ ತನ್ನ ಕೊಡಲಿ, ಊಟದ ಡಬ್ಬಿ ಒಯ್ಯಲು ಬಂದಿದ್ದ. ವೆಟೂರಿಯಾ ಯಾರನ್ನೂ ಮಾತಾಡಿಸದೆ ಯಂತ್ರದ ಹತ್ತಿರ ಹೋದಳು. ಒಂದೇ ದಪ್ಪದ ಮೂರು ಮರದ ತುಂಡು ಆರಿಸಿದಳು. ಹಳಿಯ ಆ ತುದಿಗೊಂದು, ಈ ತುದಿಗೊಂದು ಇಟ್ಟು, ಅವುಗಳ ಮೇಲೆ ನೂಲು ಬಿಗಿದಳು. ಮೂರನೆಯದನ್ನು ನಡುವಿನಲ್ಲಿ ನೂಲಿನಡಿ ತೂರಿಸಲು ಹೋದಳು. ಅದು ತೂರಲಿಲ್ಲ.

ಬಡಗಿ ಬಗ್ಗಿ ನೋಡಿ ಸಿಳ್ಳೆ ಹಾಕಿದ. "ಚೌಕಟ್ಟೇ ಎದ್ದಿದೆಯಲ್ಲಪ್ಪ! ಈ ಪಾಂಫಿಲ್ ಏನು, ದೇವರೇ ಬಂದು ಕೊಯ್ದರೂ ಹೊಟ್ಟೆ ಬರುತ್ತೆ."

ಗ್ಲಿಗೋರ್ ನೂಲನ್ನು ನೋಡಿದ. ಆಮೇಲೆ ಅವಳನ್ನು.

"ನಿನಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ!"

"ಹೂಂ. ನೀನು ಹತ್ತೊಂಬತ್ತು ವರ್ಷದಿಂದ ಮುಚ್ಕೊಂಡಿದೀಯಲ್ಲ, ಹಾಗೇ." ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಿನ್ನ ಹಳಿ ಎದ್ದಿದೆ ಅಂತ ನಿಸ್ತೋರ್ ಎರಡು ಸಲ ಹೇಳಿದ್ನೋ ಇಲ್ವೋ? ಹಬ್ಬದ ವಾರ ಬಾಗಿಲು ಹಾಕ್ಕೊಂಡು ಸರಿ ಮಾಡ್ಕೊಂಡ್ಯೋ ಇಲ್ವೋ? ಇವರೆದುರಿಗೆ ಹೇಳು."

ಗ್ಲಿಗೋರನ ಕಿವಿಯ ಬಿಳಿ ರೋಮದಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು.

"ಮಾಡ್ಕೊಂಡೆ," ಎಂದ ಕೊನೆಗೆ. "ಚರ್ಚಿನವರು ಕೆಲಸ ಕಿತ್ಕೊಂಡ್ರೆ ಮಿಲ್ಲಿಗೆ ಮತ್ತೆ ಯಾರೂ ದಿಮ್ಮಿ ತರಲ್ಲ ಅಂತ ಭಯ ಆಯ್ತು. ನಿಸ್ತೋರ್ ಸರಿಯಾಗೇ ಕೊಯ್ದಿದ್ದ."

ಈ ಮಾತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ಅವನ ಬಾಯಿಂದ ಆಡಿಸಿದ್ದಳೋ. ಈಗ ನಿಜವಾಗಿ ಕೇಳಿದಾಗ ಎದೆಯೊಳಗೆ ಬೆಚ್ಚಗೆ ಏನೋ ಹರಿಯಿತು. ಹಿತವಾಗಿತ್ತು, ಸುಳ್ಳಲ್ಲ. ಅವಳು ಸ್ಪಾನರ್ ತೆಗೆದು ಬೋಲ್ಟ್ ಸಡಿಲಿಸಿ ವಾಷರ್ ಕೂರಿಸತೊಡಗಿದಳು.

"ಅಕ್ಕಾ."

ಪಾಂಫಿಲ್ ಹಿಂದೆ ನಿಂತಿದ್ದ.

"ನಾನು ನಿಮ್ಮನ್ನ ಕೇಳಿದ್ದೆ. ಸರಿ ಇದೆ ಅಂದ್ರಿ."

ಸ್ಪಾನರ್ ನಿಂತಿತು. "ಅದು ಗ್ಲಿಗೋರನಿಗೆ ತಾಗಲಿ ಅಂತ ಹೇಳಿದ್ದು ಕಣೋ. ನಿನಗಲ್ಲ."

"ಯಂತ್ರದ ಮುಂದೆ ನಿಂತೋನು ನಾನು," ಎಂದ ಪಾಂಫಿಲ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕೊಡಲಿಯನ್ನು ಹೆಗಲಿಗೇರಿಸಿಕೊಂಡು ಗೇಟು ದಾಟಿದ. "ಪಾಂಫಿಲ್, ನಾಳೆ ಕೆಲಸಕ್ಕೆ ಬಾರಯ್ಯಾ!" ಎಂದು ಗ್ಲಿಗೋರ್ ಕೂಗಿದ್ದು ಅವನಿಗೆ ಕೇಳಿಸಿರಲೇಬೇಕು. ಅವನು ತಿರುಗಲಿಲ್ಲ.

ಬೋಲ್ಟ್ ಬಿಗಿದು ಮುಗಿಸಿ ವೆಟೂರಿಯಾ ಮನೆಗೆ ಹೊರಟಾಗ ಮಧ್ಯಾಹ್ನವಾಗಿತ್ತು. ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಹುಲ್ಲು ಕೊಯ್ಯುತ್ತಿದ್ದವರು ಕುಡುಗೋಲು ನಿಲ್ಲಿಸಿ ಅವಳನ್ನು ನೋಡಿದರು. ಅಂಚೆಯವನು ಸೈಕಲ್ಲಿನಿಂದ ಇಳಿದ. "ಎಲ್ಲಾ ಕೇಳಿದೆ ಕಣಮ್ಮ. ನಿಸ್ತೋರಣ್ಣನಿಗೂ ಹೇಳಿ ಬಂದೆ, ಪೂರ್ತಿ ಹೇಳಿದೆ," ಎಂದ.

ಕೊಟ್ಟಿಗೆಯಲ್ಲಿ ನಿಸ್ತೋರ್ ಇರಲಿಲ್ಲ. ಅರ್ಧ ಹಲ್ಲು ಕೂರಿಸಿದ ಕುಂಟೆ ಕೆಲಸದ ಮಣೆಯ ಮೇಲೆ ಬಿದ್ದಿತ್ತು. ಅವಳು ಮೆಕ್ಕೆಜೋಳದ ಮುದ್ದೆ ಮಾಡಿ ಹಲಗೆಯ ಮೇಲೆ ಮಗುಚಿದಳು. ಎರಡು ತಟ್ಟೆ ಇಟ್ಟಳು. ಕಾದಳು. ಆಮೇಲೆ ಹೊರಗೆ ಬಂದು ಬೇಲಿಯ ಹತ್ತಿರ ನಿಂತು ಕೆಳಗೆ ನೋಡಿದಳು.

ತಿರುವಿನ ಮನೆಯ ಗೋಡೆಗಂಟಿದ ಬೆಂಚಿನ ಮೇಲೆ ಪಾಂಫಿಲ್ ಕೂತಿದ್ದ. ಅವನ ಪಕ್ಕದಲ್ಲಿ ನಿಸ್ತೋರ್. ಸ್ವಲ್ಪ ಹೊತ್ತಿಗೆ ಪಾಂಫಿಲನ ಹೆಂಡತಿ ಹೊರಗೆ ಬಂದು ಇಬ್ಬರ ಕೈಗೂ ಒಂದೊಂದು ಬಟ್ಟಲು ಕೊಟ್ಟಳು. ಒಳಗೆ ಹೋಗುವಾಗ ಒಮ್ಮೆ ಮೇಲಕ್ಕೆ ಬೇಲಿಯ ಕಡೆ ನೋಡಿ, ಬಾಗಿಲು ಎಳೆದುಕೊಂಡಳು. ನಿಸ್ತೋರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನಿಧಾನವಾಗಿ ಉಣ್ಣತೊಡಗಿದ.