ಸ್ವಂತ ತಲೆಯ ಮೇಲಂಗಿ

"ತೋಳು ಸ್ವಲ್ಪ ಸಡಿಲ ಬಿಡು ಅಂತ ನಾನೇನೂ ಹೇಳ್ತಾ ಇಲ್ಲಮ್ಮ," ಎಂದರು ಅತ್ತೆ, ಮುಚ್ಚಿದ ಬಾಗಿಲಿನ ಆಚೆಯಿಂದ. "ಹೇಳಬೇಡಿ ಅಂದಿದ್ದೀಯಲ್ಲ, ಅದಕ್ಕೇ ಹೇಳ್ತಾ ಇಲ್ಲ."

ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ನಗು ತಡೆದುಕೊಂಡಳು. ನಾಲ್ಕು ದಿನ ಯಾರೂ ಈ ಕೋಣೆಗೆ ಕಾಲಿಡಬಾರದು, ಯಾರೂ ಸಲಹೆ ಕೊಡಬಾರದು ಎಂದು ಅವಳು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಯಜಮಾನಿ ಅವಳನ್ನು ಕರೆಸಿ, "ಒಂದು ಮೇಲಂಗಿ ಹೊಲಿದು ತನ್ನಿ. ಪುಸ್ತಕ ನೋಡಿ ಹೊಲಿಯೋದು, ಯಾರನ್ನೋ ಕೇಳಿ ಹೊಲಿಯೋದು ಬೇಡ. ನಿಮ್ಮ ಸ್ವಂತ ತಲೇದೇ ಆಗಿರಬೇಕು. ಹಿಡಿಸಿದ್ರೆ ನಮ್ಮ ಹೊಲಿಗೆ ಕೋಣೆ ನೀವೇ ನೋಡ್ಕೊಳ್ಳಿ," ಎಂದಿದ್ದರು. ಹದಿನೈದು ವರ್ಷ ಅವಳು ಹೊಲಿದದ್ದೆಲ್ಲ ಮಂದಿಯ ಅಳತೆಗೆ, ಮಂದಿಯ ಇಷ್ಟಕ್ಕೆ. ಕೆಲಸವಂತೂ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನದು ಎನ್ನುವಂಥ ಒಂದು ತಲೆ ತನಗಿದೆಯೇ ಎಂದು ಒಮ್ಮೆ ನೋಡಬೇಕಿತ್ತು.

ನಾಲ್ಕನೆಯ ದಿನ ಸಂಜೆ ಬಾಗಿಲು ತೆರೆದಳು. ಗೋಡೆಯ ಮೊಳೆಯಲ್ಲಿ ಕಡುನೀಲಿ ಮೇಲಂಗಿ ತೂಗುತ್ತಿತ್ತು.

ಮೊದಲು ನುಗ್ಗಿದವಳು ಮಗಳು. "ಅಮ್ಮಾ, ಇದು ನನ್ನ ಜೇಬು! ಚಿಕ್ಕವಳಿದ್ದಾಗ ಬಣ್ಣದ ಕಲ್ಲು ತುಂಬಿಕೊಳ್ಳೋಕೆ ಹೊಲಿದುಕೊಟ್ಟಿದ್ದೆಯಲ್ಲ, ಮೊಣಕೈವರೆಗೂ ಇಳಿಯೋದು!"

ಅತ್ತೆ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು. "ನನ್ನ ಸೊಟ್ಟ ಬೆರಳಿಗೂ ಸಿಗುತ್ತಲ್ಲೇ! ಇಂಥ ದಪ್ಪ ಗುಂಡಿ ಹಾಕು ಅಂತ ಹತ್ತು ವರ್ಷದಿಂದ ಗೋಗರೀತಿದ್ದೀನಿ. ಈಗ ಹಾಕಿದೀಯ, ಅದೂ ಬೇರೆಯವರಿಗೆ."

ಗಂಡ ಕೊರಳಪಟ್ಟಿಯ ಹಿಂದಿದ್ದ ಪುಟ್ಟ ಕುಣಿಕೆಗೆ ಬೆರಳು ಸಿಕ್ಕಿಸಿ ಎದೆಯುಬ್ಬಿಸಿದ. "ಇದು ನನ್ನ ಗೊಣಗಾಟದ ಫಲ. ಅಂಗಿ ತೂಗುಹಾಕೋಕೆ ಏನೂ ಇಲ್ಲ ಅಂತ ಎಷ್ಟು ಸಲ ಬೈಸಿಕೊಂಡಿದ್ದೀನಿ!"

ಮೂವರಿಗೂ ಸಂಭ್ರಮವೋ ಸಂಭ್ರಮ. ಅವಳು ಮಾತ್ರ ಸ್ಟೂಲಿನ ಮೇಲೆ ಕೂತುಬಿಟ್ಟಳು. "ನಿಮ್ಮನ್ನೆಲ್ಲ ಹೊರಗಿಟ್ಟೆ ಅಂದ್ಕೊಂಡಿದ್ದೆ. ಬಾಗಿಲು ಹಾಕೋ ಮೊದಲೇ ಒಳಗೆ ಬಂದು ಕೂತಿದ್ದೀರಿ."

"ಹಾಗಾದ್ರೆ ನಾಲ್ಕು ದಿನ ನಮಗೆ ಊಟ ಯಾಕೆ ಕೊಡಲಿಲ್ಲ?" ಎಂದ ಗಂಡ. ಅವಳೂ ನಕ್ಕಳು. ಆದರೆ ರಾತ್ರಿಯೆಲ್ಲ ತಾನಾಡಿದ ಮಾತೇ ತಲೆಯಲ್ಲಿ ಕೊರೆಯಿತು.

ಮರುದಿನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೇಲಂಗಿ ಹರಡಿ, ಯಜಮಾನಿ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ಮೇಡಂ, ಜೇಬು ನನ್ನ ಮಗಳದ್ದು. ಗುಂಡಿ ಅತ್ತೇದು. ಕುಣಿಕೆ ನಮ್ಮ ಮನೆಯವರದ್ದು. ನನ್ನ ತಲೇದು ಅಂತ ತೋರಿಸೋಕೆ ಒಂದೂ ಇಲ್ಲ."

ಯಜಮಾನಿ ಮೇಲಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಹಿಂದೆ ಮುಂದೆ ತಿರುಗಿ ನೋಡಿದರು. ಎದೆಯ ಮೇಲಿನ ಸಣ್ಣ ನೆರಿಗೆಗಳ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು.

"ಈ ನೆರಿಗೆ ಯಾರದ್ದು?"

"ಅದು ಎಲ್ಲರೂ ಹಾಕೋದೇ ಅಲ್ವಾ?"

"ಎಲ್ಲರದ್ದೂ ಈ ಕಡೆ ಮಲಗುತ್ತೆ. ನಿಮ್ಮದು ಆ ಕಡೆ. ಗಾಳಿ ತಿರುಗಿ ಬೀಸಿದ ಹಾಗಿದೆ."

ಅವಳು ಬಗ್ಗಿ ನೋಡಿ ಕೆನ್ನೆ ಹಿಡಿದುಕೊಂಡಳು. "ಅಯ್ಯೋ, ತಪ್ಪಾಗಿದೆ ಮೇಡಂ! ನನಗೆ ಹೊಲಿಗೆ ಕಲಿಸಿದ್ದು ದೊಡ್ಡಮ್ಮ. ಅವರು ಮೇಜಿನ ಆ ಬದಿ, ನಾನು ಈ ಬದಿ. ಅವರ ಕೈ ನೋಡಿ ನೋಡಿ ಕಲಿತೆ. ಅವರ ಬಲ ನನಗೆ ಎಡ ಆಗ್ತಿತ್ತು. ಗಿರಾಕಿಗಳು ಬೈದ ಮೇಲೆ, ಯಾವ ಕಡೆ ಮಡಿಸಬೇಕು ಅಂತ ಬಟ್ಟೆ ಮೇಲೆ ಸೀಮೆಸುಣ್ಣದ ಗೀಟು ಹಾಕ್ಕೊಳ್ತಿದ್ದೆ. ಈ ಸಲ ಹೇಳೋರೇ ಇಲ್ಲ ಅಂತ ಗೀಟು ಮರೆತೆ. ಕೈ ಹಳೇ ದಾರಿ ಹಿಡಿದಿದೆ. ಕೊಡಿ, ಬಿಚ್ಚಿ ಸರಿ ಮಾಡ್ತೀನಿ."

"ಮುಟ್ಟಿದ್ರೆ ನೋಡಿ!" ಯಜಮಾನಿ ಮೇಲಂಗಿಯನ್ನು ಎರಡೂ ಕೈಯಿಂದ ಅವುಚಿಕೊಂಡರು. "ಈಗ ಹೇಳಿ, ಇದು ದೊಡ್ಡಮ್ಮಂದೋ, ನಿಮ್ಮದೋ?"

ಅವಳು ಯೋಚಿಸಿದಳು. "ದೊಡ್ಡಮ್ಮ ನೋಡಿದ್ದಿದ್ರೆ, ಇದು ನಂದಲ್ಲ ಕಣೇ ಅಂತ ತಲೆ ಮೇಲೊಂದು ಮೊಟಕ್ತಿದ್ದರು."

ಯಜಮಾನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿನಿಂದ ಇಬ್ಬರು ಹೊಲಿಗೆಯ ಹೆಂಗಸರನ್ನು ಕರೆದು, "ಇನ್ಮೇಲೆ ಇವರೇ ನಿಮಗೆ ಹೇಳಿಕೊಡೋರು. ಈ ನೆರಿಗೆಯಿಂದಲೇ ಶುರುವಾಗಲಿ," ಎಂದರು.

ಇಬ್ಬರೂ ತುಂಡು ಬಟ್ಟೆ ಹಿಡಿದು ಮೇಜಿನ ಎದುರು ಬದಿಗೆ ಕೂತರು.

"ಅಲ್ಲಿ ಬೇಡ, ನನ್ನ ಪಕ್ಕಕ್ಕೆ ಬನ್ನಿ," ಎಂದಳು ಅವಳು. ಅವರು ಅರ್ಧ ಎದ್ದರು. ಅವಳು ಒಂದು ಗಳಿಗೆ ಅವರ ಮುಖ ನೋಡಿದಳು.

"ಇರಲಿ. ಅಲ್ಲೇ ಕೂತ್ಕೊಳ್ಳಿ. ನಿಮ್ಮ ಕೈ ಯಾವ ಕಡೆ ಹೋಗುತ್ತೋ ನೋಡೋಣ."

ಮೊದಲ ನೆರಿಗೆ ಮಡಿಸಿ ಹೆಬ್ಬೆರಳಿನಿಂದ ಒತ್ತಿದಳು. ಎದುರಿಗೆ ಕೂತ ಒಬ್ಬಳ ನೆರಿಗೆ ದೊಡ್ಡಮ್ಮ ಮಡಿಸುತ್ತಿದ್ದ ಕಡೆಗೇ ಹೋಗಿ ಮಲಗಿತು. ಇನ್ನೊಬ್ಬಳು ತಲೆ ಓರೆ ಮಾಡಿ ನೋಡಿ, ಬಟ್ಟೆಯನ್ನೇ ತಿರುಗಿಸಿಟ್ಟುಕೊಂಡು, ನಾಲಿಗೆ ತುದಿ ಕಚ್ಚಿ, ಆ ಕಡೆಯೂ ಅಲ್ಲದೆ ಈ ಕಡೆಯೂ ಅಲ್ಲದೆ, ಅಡ್ಡಕ್ಕೆ ಮಡಿಸತೊಡಗಿದ್ದಳು.