ನಾಯಿಯಿಲ್ಲದ ಮನೆಯ ಗುರುತು

ಶಿವಗಾಮಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಮಣಿಕಟ್ಟು ಊದಿಕೊಂಡಿದ್ದರೂ, ತಪ್ಪು ತನ್ನದೇ ಇರಬಹುದೆಂದು ಮನಸ್ಸು ರಗಳೆ ತೆಗೆದಿತ್ತು.

ತಿರುಪ್ಪೂರಿನ ಬನಿಯನ್ ಕಂಪನಿಗಳ ಹಿಂದಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ ತುಂಬಿಟ್ಟ ನೀರಿನಲ್ಲಿ ಸೊಳ್ಳೆಮರಿ ಹುಡುಕುವುದು ಅವಳ ಕೆಲಸ. ಹುಳ ಕಂಡರೆ ನೀರು ಚೆಲ್ಲಿಸಬೇಕು ಎನ್ನುತ್ತದೆ ಪಾಲಿಕೆ ಆಫೀಸು. ನಲ್ಲಿಯಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ ಎನ್ನುತ್ತದೆ ಬೀದಿ. ಎರಡರ ನಡುವೆ ಬೈಗುಳ ತಿನ್ನಲೆಂದೇ ದಿನಗೂಲಿಗೆ ಈ ಹೆಂಗಸರನ್ನು ಇಟ್ಟಿದ್ದಾರೆ, ಪುಣ್ಯಾತ್ಮರು.

ಬೇರೆ ಮನೆಯಾದರೆ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು. ಪೊನ್ನುಸಾಮಿಯದು ಅವಳ ಮನೆಯಂತೆಯೇ ಒಳಗೆ ಕನ್ನಡ ಆಡುವ ಮನೆ. ದೂರದ ಸಂಬಂಧದಲ್ಲಿ ಅವನು ಅಣ್ಣನಾಗಬೇಕು. ಆ ಸಲಿಗೆಯಲ್ಲಿ ಸೋಮವಾರ ನೇರ ಹಿತ್ತಲಿಗೆ ನಡೆದು, ಹುಳ ತುಂಬಿದ ಡ್ರಮ್ಮನ್ನು ಕೇಳದೆಯೇ ಉರುಳಿಸಿಬಿಟ್ಟಳು.

"ಎಂಟು ದಿನದ ನೀರು ಅದು!" ಎಂದು ಓಡಿಬಂದ ಪೊನ್ನುಸಾಮಿ ಕಬ್ಬಿಣದ ಬಕೆಟ್ಟನ್ನೇ ಬೀಸಿದ. ಕೈ ಅಡ್ಡ ಬರದಿದ್ದರೆ ಹಣೆ ಒಡೆಯುತ್ತಿತ್ತು.

ಸೂಪರ್‌ವೈಸರ್ ಮೋಹನ್‌ರಾಜ್ ಕೇಳಿದಾಗ, "ಬಿದ್ದೆ ಸಾರ್" ಎಂದಳು. ಹಾಗೇಕೆ ಅಂದಳೋ ಅವಳಿಗೇ ಗೊತ್ತಿಲ್ಲ. ದೂರು ಕೊಟ್ಟರೆ ನೆಂಟರಿಷ್ಟರಿಗೆ ಹೇಗೆ ಮುಖ ತೋರಿಸುವುದು? ಕೊಡದಿದ್ದರೆ, ಮುಂದಿನ ಸೋಮವಾರದಿಂದ ಅವಳ ಬದಲು ಆ ಬೀದಿಗೆ ಹೋಗುವ ಧರಣಿಗೂ ಇದೇ ಗತಿ. ಇಪ್ಪತ್ತೆರಡರ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿದೆ.

ಕಚ್ಚುವ ನಾಯಿ ಇರುವ ಮನೆಯ ಗೇಟಿನ ಕಂಬಕ್ಕೆ ಈ ಹೆಂಗಸರು ಸೀಮೆಸುಣ್ಣದಲ್ಲಿ ಎರಡು ಅಡ್ಡಗೆರೆ ಎಳೆದಿಡುತ್ತಾರೆ, ಮುಂದೆ ಬರುವವಳಿಗೆ ಎಚ್ಚರಿಕೆಯಾಗಿ. ಹೊಡೆಯುವ ಮನುಷ್ಯನಿಗೆ ಗುರುತೇ ಇಲ್ಲ. ಭಾನುವಾರ ಸಂಜೆ ಶಿವಗಾಮಿ ಕಳ್ಳಿಯಂತೆ ಹೋಗಿ, ನಾಯಿಯೇ ಇಲ್ಲದ ಆ ಮನೆಗೆ ಎರಡು ಗೆರೆ ಎಳೆದು ಬಂದಳು. ಯಾರ ಮೇಲೂ ದೂರಿಲ್ಲ, ಹುಡುಗಿಯೂ ಒಳಗೆ ಹೋಗುವುದಿಲ್ಲ. ಅಂದು ಅವಳಿಗೆ ಅನ್ನ ರುಚಿಸಿತು.

ಮರುದಿನ ಬೀದಿ ತೋರಿಸಲು ಧರಣಿಯನ್ನು ಕರೆತಂದಳು. ಗೆರೆ ಕಂಡ ಹುಡುಗಿ ಹೆದರುವುದಿರಲಿ, ಮುಖ ಅರಳಿಸಿ ಚೀಲದಿಂದ ಬಿಸ್ಕತ್ತು ತೆಗೆದಳು.

"ನಾಯಿ ಅಂದ್ರೆ ನಂಗೆ ಪ್ರಾಣ ಅಕ್ಕಾ. ನೀನ್ ಇಲ್ಲೇ ಇರು, ನಾನ್ ಹೋಗಿ ಬತ್ತೀನಿ."

ಗೇಟಿನ ಚಿಲಕ ಸರಿಯಿತು. ಹಿತ್ತಲಲ್ಲಿ ಬಕೆಟ್ಟಿನ ಸದ್ದು. ಶಿವಗಾಮಿ ಮುಂದೆ ನುಗ್ಗಿದಳು. ಊದಿದ ಕೈಯಿಂದಲೇ ಹುಡುಗಿಯ ರಟ್ಟೆ ಹಿಡಿದೆಳೆದಳು.

"ನಾಯಿ ಇಲ್ಲಮ್ಮ ಅಲ್ಲಿ. ನಾನ್ ಬಿದ್ದೂ ಇಲ್ಲ. ಪೊನ್ನುಸಾಮಿ ಅಣ್ಣ ಹೊಡ್ದ."

ಧರಣಿ ಅವಳ ಕೈ ನೋಡಿದಳು. "ಹೊಡ್ದೋನ್ನ ಇನ್ನೂ ಅಣ್ಣ ಅಂತೀಯಲ್ಲಕ್ಕಾ?"

ಶಿವಗಾಮಿ ಅಲ್ಲೇ ಬೀದಿಯಲ್ಲಿ ನಿಂತು ಮೋಹನ್‌ರಾಜ್‌ಗೆ ಫೋನ್ ಮಾಡಿದಳು. ಅವನು ತಮಿಳಿನಲ್ಲಿ ಹೊಡೆದವನ ಹೆಸರು ಕೇಳಿದ.

"ಪೊನ್ನುಸಾಮಿ" ಎಂದಳು. ಅಣ್ಣ ಎಂಬ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಮತ್ತೆ ಸೇರಿಸಿದಳು: "ಕೇಳದೆ ಡ್ರಮ್ ಉರುಳಿಸಿದ್ದು ನಾನೇ ಸಾರ್. ಅದನ್ನೂ ಬರ್ಕೊಳ್ಳಿ. ಆದರೆ ಈ ಮನೆಗೆ ಯಾರನ್ನೂ ಒಬ್ಬಳನ್ನೇ ಕಳಿಸಬೇಡಿ."